ಜಾಬ್ ಹಸಿರು, ಉತ್ತರ ತಪ್ಪು: ಹರಪನಹಳ್ಳಿ ಕಲಿಸಿದ ಲುಕಪ್ ಪಾಠ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು ಒಂದು ಕಂಬ ಗಟ್ಟಿ ಹಿಡ್ಕೊಳ್ಳಿ, ಇವತ್ತು ಸ್ವಲ್ಪ ಟೆಕ್ನಿಕಲ್ ವಿಷಯ.

ಕೆಲವು ವರ್ಷದ ಹಿಂದೆ ಒಂದು ಟ್ರಸ್ಟ್‌ನ ವಿದ್ಯಾರ್ಥಿವೇತನದ ಡೇಟಾ ಕೆಲಸ ನನ್ನ ಹತ್ರ ಇತ್ತು. ಅರ್ಜಿಯಲ್ಲಿ ತಾಲ್ಲೂಕಿನ ಹೆಸರು ಮಾತ್ರ ಇರುತ್ತೆ. ಇನ್ನೊಂದು ಟೇಬಲ್‌ನಲ್ಲಿ ಆ ತಾಲ್ಲೂಕು ಯಾವ ಜಿಲ್ಲೆ ಅಂತ ಹುಡುಕಿ ಸೇರಿಸಬೇಕು, ಜಿಲ್ಲಾವಾರು ಪಟ್ಟಿ ಕಳಿಸಬೇಕು. ಇದನ್ನೇ ಲುಕಪ್ ಅನ್ನೋದು. ಎಕ್ಸೆಲ್‌ನಲ್ಲಿ ವಿಲುಕಪ್ ಮಾಡಿರ್ತೀರಲ್ಲ, ಅದೇ. ನಾನು ಟ್ಯಾಲೆಂಡ್ ಅನ್ನೋ ಟೂಲ್‌ನಲ್ಲಿ ಮಾಡಿದ್ದೆ. ಜಾಬ್ ಓಡ್ತು, ಒಂದೂ ಎರರ್ ಇಲ್ಲ, ಎಲ್ಲಾ ಹಸಿರು.

ಒಂದು ವಾರಕ್ಕೆ ಹರಪನಹಳ್ಳಿಯಿಂದ ಒಬ್ಬ ತಂದೆ ಫೋನ್ ಮಾಡಿದ್ರು. "ಸರ್, ನಮ್ ಹುಡುಗಿ ಹೆಸರು ಹೊಸಪೇಟೆ ಲಿಸ್ಟ್‌ನಾಗ ಇಲ್ಲರೀ. ದಾವಣಗೆರೆ ಲಿಸ್ಟ್‌ನಾಗ ಐತಿ ಅಂತಾರ. ನಾಳೆ ದಾಖಲೆ ಪರಿಶೀಲನೆ, ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಲುಕಪ್ ಟೇಬಲ್ ತೆರೆದು ನೋಡಿದೆ. ಹರಪನಹಳ್ಳಿಗೆ ಒಂದಲ್ಲ, ಮೂರು ಸಾಲು! ಯಾಕೆ ಅಂದ್ರೆ, ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಹೋಯಿತು. ಆಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಯಾರೋ ಪ್ರತಿ ಸಲ ಹೊಸ ಸಾಲು ಸೇರಿಸಿದ್ದಾರೆ, ಹಳೇದನ್ನ ಹಾಗೇ ಬಿಟ್ಟಿದ್ದಾರೆ.

ಮೂರು ಸಾಲು ಸಿಕ್ಕಿದ್ರೆ ಟೂಲ್ ಏನು ಮಾಡುತ್ತೆ? ಇಲ್ಲೇ ಇರೋದು ಮಜಾ. ಎಕ್ಸೆಲ್‌ನ ವಿಲುಕಪ್ ನಿಖರ ಹೊಂದಾಣಿಕೆಯಲ್ಲಿ ಮೊದಲು ಸಿಕ್ಕ ಸಾಲು ಕೊಡುತ್ತೆ. ಟ್ಯಾಲೆಂಡ್‌ನ ಟಿಮ್ಯಾಪ್‌ನಲ್ಲಿ 'ಯೂನಿಕ್ ಮ್ಯಾಚ್' ಅಂತ ಡೀಫಾಲ್ಟ್ ಇದೆ, ಅದು ಕೊನೆಯ ಸಾಲು ತಗೊಳ್ಳುತ್ತೆ. ಹೆಸರು ಕೇಳಿ ನಾನು ಡೂಪ್ಲಿಕೇಟ್ ಇದ್ರೆ ಎಚ್ಚರಿಸುತ್ತೆ ಅಂದ್ಕೊಂಡಿದ್ದೆ. ಇಲ್ಲ, ಸುಮ್ಮನೆ ಒಂದನ್ನ ಆರಿಸಿ ಮುಂದೆ ಹೋಗುತ್ತೆ. ಮ್ಯಾನ್ಯುಯಲ್ ಓದದೇ ಇದ್ದದ್ದು ನನ್ನ ತಪ್ಪು, ಟೂಲ್‌ದಲ್ಲ.

ಹಾಗಾದ್ರೆ ಟೆಸ್ಟ್‌ನಲ್ಲಿ ಯಾಕೆ ಸರಿ ಬಂದಿತ್ತು? ಅಲ್ಲಿ ವಿಜಯನಗರದ ಸಾಲು ಕೊನೆಗಿತ್ತು, ಅಷ್ಟೇ. ನನ್ನ ಕ್ವೆರಿಯಲ್ಲಿ 'ಆರ್ಡರ್ ಬೈ' ಇರಲಿಲ್ಲ. ಅದಿಲ್ಲದಿದ್ರೆ ಡೇಟಾಬೇಸ್ ಯಾವ ಕ್ರಮದಲ್ಲಿ ಬೇಕಾದ್ರೂ ಸಾಲು ಕೊಡಬಹುದು. ಲೈವ್‌ನಲ್ಲಿ ದಾವಣಗೆರೆ ಕೊನೆಗೆ ಬಂತು. ಅದೃಷ್ಟದಿಂದ ಪಾಸಾದ ಟೆಸ್ಟ್ ಅದು.

ತಾಲ್ಲೂಕಿನ ಹೆಸರಿನ ಮೇಲೆ 'ಗ್ರೂಪ್ ಬೈ' ಹಾಕಿ, ಒಂದಕ್ಕಿಂತ ಜಾಸ್ತಿ ಇರೋದನ್ನ ತೋರಿಸು ಅಂದೆ. ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ ಎಲ್ಲಾ ಎರಡೆರಡು ಸಲ ಬಂದ್ವು. ಈ ಎರಡು ಸಾಲಿನ ಕ್ವೆರಿ ಮೊದಲೇ ಓಡಿಸಿದ್ರೆ ಆ ಫೋನೇ ಬರ್ತಿರಲಿಲ್ಲ.

ಹಳೇ ಸಾಲು ಡಿಲೀಟ್ ಮಾಡಿದ್ರೆ ಆಯ್ತಲ್ವಾ ಅಂತ ಟೀಮ್‌ನಲ್ಲಿ ಒಬ್ರು ಕೇಳಿದ್ರು. ನಾನು ಒಪ್ಪಲಿಲ್ಲ. 2016ರ ಅರ್ಜಿ ಹಾಕಿದಾಗ ಹರಪನಹಳ್ಳಿ ನಿಜವಾಗಿಯೂ ದಾವಣಗೆರೆಯಲ್ಲೇ ಇತ್ತು. ಅಳಿಸಿದ್ರೆ ಹಳೇ ವರ್ಷದ ವರದಿಗಳು ತಪ್ಪಾಗ್ತವೆ. ಅದಕ್ಕೆ ಪ್ರತಿ ಸಾಲಿಗೂ ಯಾವಾಗಿಂದ, ಯಾವಾಗಿನವರೆಗೆ ಅಂತ ಎರಡು ಕಾಲಂ ಸೇರಿಸಿದ್ವಿ. 'ಆಲ್ ಮ್ಯಾಚಸ್' ಇಟ್ಟು, ಅರ್ಜಿಯ ದಿನಾಂಕ ಆ ಅವಧಿಯೊಳಗೆ ಬೀಳೋ ಸಾಲನ್ನ ಮಾತ್ರ ಫಿಲ್ಟರ್ ಮಾಡಿದ್ವಿ. ಒಳಗೆ ಹೋದ ಅರ್ಜಿ ಎಷ್ಟು, ಹೊರಗೆ ಬಂದದ್ದೆಷ್ಟು ಅಂತ ಎಣಿಕೆನೂ ಇಟ್ವಿ. ಜಾಸ್ತಿ ಬಂದ್ರೆ ಅವಧಿಗಳು ಒಂದರ ಮೇಲೊಂದು ಬಿದ್ದಿವೆ ಅಂತ ಅರ್ಥ.

ಕನ್ನಡದಲ್ಲಿ ಡೇಟಾ ಇಡೋರಿಗೆ ಇನ್ನೊಂದು ಮಾತು. 'ಹೊಸಪೇಟೆ'ಯ 'ಹೊ' ಇದೆಯಲ್ಲ, ಅದರ ಸ್ವರಚಿಹ್ನೆಯನ್ನ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೀಬಹುದು, ಎರಡಾಗಿ ಒಡೆದೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ, ಲುಕಪ್‌ಗೆ ಬೇರೆ ಬೇರೆ. ಎರಡೂ ಕಡೆ ನಾರ್ಮಲೈಸ್ ಮಾಡಿ ಆಮೇಲೆ ಹೋಲಿಸಿ. ಇಲ್ಲಿ ಕನಿಷ್ಠ ಜಿಲ್ಲೆ ಖಾಲಿ ಬರುತ್ತೆ, ಗೊತ್ತಾಗುತ್ತೆ. ಹರಪನಹಳ್ಳಿಯಲ್ಲಿ ಬಂದದ್ದು ನಿಜವಾದ ಜಿಲ್ಲೆಯ ಹೆಸರು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಆ ಹುಡುಗಿಗೆ ಅವತ್ತು ಸಂಜೆಯೇ ಹೊಸಪೇಟೆ ಪಟ್ಟಿಯಲ್ಲಿ ಹೆಸರು ಸೇರಿಸಿ ಮೆಸೇಜ್ ಕಳಿಸಿದ್ವಿ. ಆಮೇಲೆ ದಾವಣಗೆರೆ ಪಟ್ಟಿ ತೆಗೆದು ಉಳಿದ ಹರಪನಹಳ್ಳಿ ಮಕ್ಕಳನ್ನೆಲ್ಲಾ ಹುಡುಕಿ, ರಾತ್ರಿ ಹತ್ತರವರೆಗೆ ಒಬ್ಬೊಬ್ಬರಿಗೇ ಫೋನ್ ಮಾಡ್ತಾ ಕೂತಿದ್ವಿ.