ತಾಳ್ಮೆ ಎಂದರೆ ಸುಮ್ಮನೆ ಕೂರುವುದಲ್ಲ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



‘ತಾಳಿದವನು ಬಾಳಿಯಾನು’ ಎಂಬ ಗಾದೆ ನಮ್ಮೆಲ್ಲರ ಬಾಯಲ್ಲಿದೆ. ಆದರೆ ಎಷ್ಟು ದಿನ ತಾಳಬೇಕು? ತಾಳಿಕೊಂಡಿರುವಾಗ ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮ ಕೆರೆಯ ನೀರಿನಲ್ಲೇ ಇದೆ.

ಸಾಣಾಪುರ ಕೆರೆಗೆ ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಈ ಹೊಳೆಯ ನೀರನ್ನು ನೀರಾವರಿಗೆ ತಿರುಗಿಸುವ ಯೋಚನೆಯನ್ನು ಸರ್ ಆರ್ಥರ್ ಕಾಟನ್ ಮುಂದಿಟ್ಟದ್ದು 1860ರಲ್ಲಿ. ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ನೀರಿನ ಪಾಲಿನ ಬಗ್ಗೆ ಮದ್ರಾಸ್, ಹೈದರಾಬಾದ್, ಮೈಸೂರು ಸರ್ಕಾರಗಳಲ್ಲಿ ಬಹುಕಾಲ ಒಮ್ಮತ ಮೂಡಲಿಲ್ಲ. ಈ ನಡುವೆ 1876-78ರ ಭೀಕರ ಬರದಲ್ಲಿ ಬಳ್ಳಾರಿ ಸೀಮೆಯ ಅಸಂಖ್ಯ ಜನ ಹಸಿವಿನಿಂದ ಸತ್ತರು. ಇಂಥ ವಿಳಂಬವನ್ನು ತಾಳ್ಮೆ ಎನ್ನಲಾಗದು.

ಇನ್ನು ನೀವೆಲ್ಲ ಕಣ್ಣಾರೆ ಕಂಡದ್ದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಯಿತು. ಭತ್ತದ ನೀರೆಲ್ಲ ಹೋಯಿತೆಂದು ರೈತರು ಕಂಗಾಲಾದರು. ಮೊದಲು ಮಾಡಿದ್ದು ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನು ತೆರೆದದ್ದು. ಅದಕ್ಕೆ ತಡ ಮಾಡಲಿಲ್ಲ. ಆಮೇಲೆ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಬ್ಬಿಣದ ಸ್ಟಾಪ್‌ಲಾಗ್ ತುಂಡುಗಳನ್ನು ಸಿದ್ಧಮಾಡಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿದರು. ಒಂದು ವಾರದೊಳಗೆ ಆ ಗೇಟಿನ ಹರಿವು ನಿಂತಿತು. ತಾಳ್ಮೆ ಎಂದರೆ ಇದು: ಗಾಬರಿಯಾಗದೆ, ಕೈ ಕಟ್ಟಿಯೂ ಕೂರದೆ, ಮಾಡಬೇಕಾದ್ದನ್ನು ಸಿದ್ಧಮಾಡಿಕೊಳ್ಳುವುದು.

ಮಕ್ಕಳೇ, ಯಾವ ನಿರ್ಧಾರಕ್ಕೆ ಎಷ್ಟು ತಾಳ್ಮೆ ಬೇಕೆಂದು ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮುಂದೆ ಬದಲಿಸಲು ಬರುತ್ತದೆಯೇ? ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋಯಿತೆಂದು ಶಾಲೆಯನ್ನೇ ಬಿಡಬೇಡಿ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮುಂದಿನ ಪರೀಕ್ಷೆಗೆ ಇವತ್ತೇ ಹೆಸರು ಬರೆಸಿ.

ಪಾಲಕರೇ, ಮಾಡಿದ ಮದುವೆ, ಮಾರಿದ ಹೊಲ ಸುಲಭಕ್ಕೆ ತಿರುಗಿ ಬರುವುದಿಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧ. ತುಂಬಿದ ಮೇಲೂ ‘ನಿನ್ನ ಓದು ಎಲ್ಲಿಗೆ ಬಂತವ್ವಾ?’ ಎಂದು ಮಗಳನ್ನೇ ಕೇಳಿ. ಈಗ ಪ್ರವಾಸಿಗರು ಹೆಚ್ಚಾಗಿದ್ದಾರೆ, ಹೊಲ ಕೇಳುವವರೂ ಬರುತ್ತಾರೆ. ಮುಂಗಡ ಹಿಡಿಯುವ ಮುಂಚೆ ಪಹಣಿ ನೋಡಿ, ಮನೆಮಂದಿಯನ್ನೆಲ್ಲ ಕೂರಿಸಿ ಮಾತಾಡಿ. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ‘ಇವತ್ತೇ ಸಹಿ ಹಾಕಿ’ ಎಂದು ಅವಸರ ಮಾಡುವವರಿಗೆ ‘ಒಂದು ವಾರ ತಡೀರಿ’ ಅನ್ನಿ. ಆ ವಾರದಲ್ಲಿ ಬಲ್ಲವರನ್ನು ಕೇಳಿ, ಕಾಗದ ಓದಿಸಿ, ಕೊನೆಗೆ ಆಗಲಿ ಅಥವಾ ಬೇಡ ಎಂದು ಖಚಿತವಾಗಿ ಹೇಳಿಬಿಡಿ.