ನಿತ್ಯದ ನಡೆ, ನಂಬಿಕೆ ಮತ್ತು ನಿರೀಕ್ಷೆ

(ಶಾಖಾಮಠದ ಆರಾಧನಾ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಸ್ತ್ರವಿಷಯಗಳನ್ನು ಕುರಿತು ಮಾತನಾಡುವ ಅಧಿಕಾರ ನನಗಿಲ್ಲ. ಸಿವಿಲ್ ಡಿಪ್ಲೊಮಾ ಮುಗಿಸಿ 1980ರಲ್ಲಿ ಮಧ್ಯ ರೈಲ್ವೆಯನ್ನು ಸೇರಿ, ಸೊಲ್ಲಾಪುರ ಮತ್ತು ಮುಂಬಯಿ ವಿಭಾಗಗಳಲ್ಲಿ 38 ವರ್ಷಗಳ ಕಾಲ ಹಳಿಗಳನ್ನು ನೋಡಿಕೊಂಡು, 2018ರಲ್ಲಿ ನಿವೃತ್ತನಾದವನು ನಾನು. "ನಿಮ್ಮ ಅನುಭವವನ್ನೇ ನಾಲ್ಕು ಮಾತಿನಲ್ಲಿ ಹೇಳಿರಿ, ಸಾಕು" ಎಂದು ವ್ಯವಸ್ಥಾಪಕರು ಧೈರ್ಯ ತುಂಬಿದುದರಿಂದ ತಮ್ಮ ಮುಂದೆ ನಿಂತಿದ್ದೇನೆ. ನಾವು ದಿನವೂ ಮಾಡುವ ಅಭ್ಯಾಸಗಳು, ಅವುಗಳ ಹಿಂದಿರುವ ನಂಬಿಕೆ, ಉಳಿದ ಆಯುಷ್ಯದಲ್ಲಿ ನಾವಿಟ್ಟುಕೊಂಡಿರುವ ನಿರೀಕ್ಷೆ ಈ ಮೂರನ್ನು ಕುರಿತು ಕೆಲವು ವಿಚಾರಗಳನ್ನು ನಿವೇದಿಸಿಕೊಳ್ಳುತ್ತೇನೆ.

ರೈಲುಮಾರ್ಗದಲ್ಲಿ ಕೀಮ್ಯಾನ್ ಎಂಬ ನೌಕರನಿರುತ್ತಾನೆ. ಸ್ಪ್ಯಾನರ್, ಸುತ್ತಿಗೆ, ಬಾವುಟಗಳನ್ನು ಹೊತ್ತು ದಿನವೂ ತನ್ನ ಪಾಲಿನ ಮಾರ್ಗವನ್ನು ನಡೆದು ನೋಡುವುದು ಅವನ ಕರ್ತವ್ಯ. ಹೋಗುವಾಗ ಒಂದು ಹಳಿಯನ್ನು, ಮರಳುವಾಗ ಇನ್ನೊಂದು ಹಳಿಯನ್ನು ನೋಡುತ್ತಾನೆ. ಸಡಿಲವಾದ ಬೋಲ್ಟನ್ನು ಬಿಗಿಯುತ್ತಾನೆ, ಜಾರಿದ ಕೀಲಿಯನ್ನು ಬಡಿದು ಕೂರಿಸುತ್ತಾನೆ. ನಿನ್ನೆ ಎಲ್ಲವೂ ಸರಿಯಾಗಿತ್ತೆಂಬ ಕಾರಣಕ್ಕೆ ಇಂದಿನ ನಡಿಗೆಯನ್ನು ಬಿಡುವಂತಿಲ್ಲ. ಏಕೆಂದರೆ ನಿನ್ನೆಯಿಂದ ಇಂದಿನವರೆಗೆ ಎಷ್ಟೋ ಗಾಡಿಗಳು ಓಡಿವೆ. ಪ್ರತಿಯೊಂದರ ಕಂಪನವೂ ಒಂದಿಷ್ಟನ್ನು ಸಡಿಲಿಸಿ ಹೋಗಿದೆ.

ನಮ್ಮ ಮನಸ್ಸಿನ ಮೇಲೂ ದಿನವಿಡೀ ಗಾಡಿಗಳು ಓಡುತ್ತಲೇ ಇರುತ್ತವೆ. ಕಚೇರಿಯ ಚಿಂತೆ, ನೆರೆಹೊರೆಯ ಮಾತು, ಮಕ್ಕಳ ಭವಿಷ್ಯ, ದೇಹದ ನೋವು ಇವೆಲ್ಲ ಒಂದೊಂದು ಬೋಲ್ಟನ್ನು ಸಡಿಲಿಸುತ್ತವೆ. ಗಹನವಾದ ತತ್ತ್ವಗ್ರಂಥಗಳನ್ನು ರಚಿಸಿದ ಶ್ರೀಮದಾಚಾರ್ಯರೇ 'ಸದಾಚಾರಸ್ಮೃತಿ' ಎಂಬ ಚಿಕ್ಕ ಗ್ರಂಥವನ್ನೂ ರಚಿಸಿ, ಮನುಷ್ಯನ ದಿನಚರಿ ಹೇಗಿರಬೇಕೆಂದು ತಿಳಿಸಿಕೊಟ್ಟಿದ್ದಾರೆ. ದಿನದಿನದ ಸಣ್ಣ ನಡೆಯನ್ನು ಅವರು ಅಲಕ್ಷಿಸಲಿಲ್ಲವೆಂಬುದು ನನ್ನಂಥ ಸಾಮಾನ್ಯನಿಗೆ ಬಹು ದೊಡ್ಡ ಸಮಾಧಾನ. ನೌಕರಿಯ ದಿನಗಳಲ್ಲಿ ಗ್ಯಾಂಗಿನವರ ಗುಡಿಸಲ ಪಕ್ಕದಲ್ಲಿ, ಒಂದು ತಂಬಿಗೆ ನೀರಿನಲ್ಲಿ ಸಂಧ್ಯಾವಂದನೆ ಮುಗಿಸಿ ಟ್ರಾಲಿ ಏರಿದ್ದುಂಟು. ಮಡಿ, ಪೀಠ, ಪಂಚಪಾತ್ರೆ ಯಾವುದೂ ಅಲ್ಲಿರಲಿಲ್ಲ. ಹೊತ್ತು ಮಾತ್ರ ತಪ್ಪಲಿಲ್ಲ.

"ಮನಸ್ಸಿಲ್ಲದೆ ಯಾಂತ್ರಿಕವಾಗಿ ಮಾಡುವ ಕರ್ಮದಿಂದ ಏನು ಪ್ರಯೋಜನ?" ಎಂದು ಇಂದಿನ ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮನಸ್ಸಿಟ್ಟು ಮಾಡಿದ ಕರ್ಮವೇ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದಕ್ಕೆ ನಾನು ಕಂಡುಕೊಂಡ ಉತ್ತರವೊಂದಿದೆ. ಹಿಂದೆ ನಿಲ್ದಾಣಗಳ ಹೊರಗೆ ಕೈಯುಳ್ಳ ಸಿಗ್ನಲ್ ಕಂಬಗಳಿದ್ದುದನ್ನು ಹಿರಿಯರು ನೋಡಿರುತ್ತೀರಿ. ಅದರ ಕೈಯನ್ನು ದೂರದ ಕ್ಯಾಬಿನ್ನಿನಿಂದ ತಂತಿಯ ಮೂಲಕ ಎಳೆದು ಇಳಿಸುತ್ತಿದ್ದರು. ಆ ತಂತಿ ಆಕಸ್ಮಿಕವಾಗಿ ಕಡಿದರೆ ಭಾರದ ಬಲದಿಂದ ಕೈ ತಾನಾಗಿಯೇ ಅಡ್ಡಕ್ಕೆ ಬಂದು ನಿಲ್ಲುತ್ತಿತ್ತು, ಅಂದರೆ 'ನಿಲ್ಲು' ಎಂದು ಸೂಚಿಸುತ್ತಿತ್ತು. ಕೆಟ್ಟಾಗಲೂ ಅಪಾಯದ ಕಡೆಗೆ ಹೋಗದೆ ಸುರಕ್ಷಿತ ಸ್ಥಿತಿಗೆ ಮರಳುವಂತೆ ಅದನ್ನು ರಚಿಸಲಾಗಿತ್ತು. ನಿತ್ಯದ ಅಭ್ಯಾಸವೂ ಅಂತಹುದೇ.

ಇದು ನನಗೆ ಅನುಭವಕ್ಕೆ ಬಂದದ್ದು 2022ರಲ್ಲಿ, ನನ್ನ ಧರ್ಮಪತ್ನಿ ಹರಿಪಾದವನ್ನು ಸೇರಿದಾಗ. ಹದಿಮೂರು ದಿನಗಳ ಕರ್ಮ ಮುಗಿದು ಬಂಧುಗಳೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಯಿತು. ಮನೆಯಲ್ಲಿ ಪಾತ್ರೆಯ ಸದ್ದಿಲ್ಲ, ಬಳೆಯ ಸದ್ದಿಲ್ಲ. ಏಳುವುದಾದರೂ ಏಕೆ ಎಂಬ ಪ್ರಶ್ನೆಗೆ ಮನಸ್ಸು ಉತ್ತರ ಕೊಡಲಿಲ್ಲ. ಕಾಲು ಮಾತ್ರ ಬಚ್ಚಲಿನ ಕಡೆಗೆ ನಡೆಯಿತು. ಸ್ನಾನವಾಯಿತು, ಅರ್ಘ್ಯವಾಯಿತು, ದೇವರ ಮುಂದೆ ದೀಪವಾಯಿತು. ಆ ದಿನ ಭಕ್ತಿಯಿತ್ತೆಂದು ನಾನು ಹೇಳಲಾರೆ. ತಂತಿ ಕಡಿದಿತ್ತು, ಅಭ್ಯಾಸ ನನ್ನನ್ನು ಹಿಡಿದು ನಿಲ್ಲಿಸಿತು. ಆಮೇಲೆ ತುಳಸಿಯ ಮುಂದೆ ನಿಂತೆ. ನಲವತ್ತು ವರ್ಷ ಆಕೆ ಹಾಕುತ್ತಿದ್ದ ರಂಗವಲ್ಲಿಯ ಜಾಗ ಬರಿದಾಗಿತ್ತು. ಹಿಟ್ಟನ್ನು ಕೈಗೆ ತೆಗೆದುಕೊಂಡು ಎರಡು ಗೆರೆ ಎಳೆದೆ. 1676 ಮಿ.ಮೀ. ಅಗಲದ ಹಳಿಗಳನ್ನು ಅಳೆದು ನೇರ ಮಾಡಿಸುತ್ತಿದ್ದ ಕೈಗೆ ಆ ಎರಡು ಗೆರೆ ನೇರವಾಗಿ ಬರಲಿಲ್ಲ. ಇಂದಿಗೂ ಸೊಟ್ಟವಾಗಿಯೇ ಬರುತ್ತವೆ, ಆದರೂ ಬಿಟ್ಟಿಲ್ಲ. ನಮ್ಮ ಮನೆಗಳಲ್ಲಿ ಗಂಡಸರ ಅನುಷ್ಠಾನ ತಪ್ಪದೆ ನಡೆಯುವುದರ ಹಿಂದೆ ಹೆಣ್ಣುಮಕ್ಕಳ ಎಷ್ಟು ಬೆಳಗಿನ ಜಾವಗಳು ಸವೆದಿರುತ್ತವೆ ಎಂಬುದನ್ನು ಇಲ್ಲಿರುವ ಯಜಮಾನರು ಇಂದೇ, ಅವರು ಎದುರಿಗಿರುವಾಗಲೇ, ಸ್ಮರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಇನ್ನು ನಂಬಿಕೆಯ ವಿಷಯ. ತತ್ತ್ವವು ಸ್ವತಂತ್ರ, ಅಸ್ವತಂತ್ರ ಎಂದು ಎರಡು ಬಗೆ, ಸ್ವತಂತ್ರನು ವಿಷ್ಣುವೊಬ್ಬನೇ ಎಂಬುದು ನಮ್ಮ ಸಿದ್ಧಾಂತದ ಮೊದಲ ಪಾಠ. ನನಗೆ ಅದರ ಒಂದು ಲೌಕಿಕ ದೃಷ್ಟಾಂತ ದೊರೆತದ್ದು ಬೋರ್ ಘಾಟಿನಲ್ಲಿ. 1863ರಲ್ಲಿ ತೆರೆದ ಆ ಘಟ್ಟಮಾರ್ಗ ಕರ್ಜತ್ತಿನಿಂದ ಲೋಣಾವಳದ ಕಡೆಗೆ 37 ಅಡಿಗೆ 1 ಅಡಿಯಂತೆ ಏರುತ್ತದೆ. ಮಳೆಗಾಲದಲ್ಲಿ ಅಲ್ಲಿ ಕಲ್ಲು ಮಣ್ಣು ಕುಸಿಯುವ ಭಯವಿರುವುದರಿಂದ ಪಹರೆಯವರು ಲಾಂದ್ರ ಹಿಡಿದು ರಾತ್ರಿಯಿಡೀ ನಡೆಯುತ್ತಾರೆ. ಎದುರಿನಿಂದ ಬರುವ ಎಕ್ಸ್‌ಪ್ರೆಸ್ ಗಾಡಿಯಲ್ಲಿ ನೂರಾರು ಜನ ಹೊದ್ದು ಮಲಗಿರುತ್ತಾರೆ. ತಾವು ಕ್ಷೇಮವಾಗಿ ಊರು ಸೇರಿದ್ದು ಯಾರ ನಡಿಗೆಯಿಂದ ಎಂಬುದು ಅವರಿಗೆ ತಿಳಿಯದು. ಜೀವನದ ಗಾಡಿಯಲ್ಲಿ ಮಲಗಿರುವ ನಾವೂ ಹಾಗೆಯೇ ಕಾಯಲ್ಪಡುತ್ತಿದ್ದೇವೆ ಎಂಬುದೇ ನನ್ನ ನಂಬಿಕೆ. ಪಹರೆಯವನೂ ಅಸ್ವತಂತ್ರನೇ, ಅವನನ್ನು ನಡೆಸುವವನು ಬೇರೆಯಿದ್ದಾನೆ. ನನ್ನಂಥ ಕಷ್ಟ ಬಂದವನು ಇದನ್ನು ಹೇಗೆ ಹೇಳಬಲ್ಲನೆಂದು ಕೆಲವರು ಕೇಳಿದ್ದಾರೆ. ಕಷ್ಟವೇ ಬಾರದಂತೆ ಕಾಯುತ್ತಾನೆಂದು ನಾನು ತಿಳಿದಿಲ್ಲ. ಆ ಬೆಳಗಿನಲ್ಲಿ ನನ್ನ ಕಾಲನ್ನು ನಡೆಸಿದವನು ಯಾರು ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ನಂಬಿಕೆ ದೃಢವಾಗಿರಲಿ; ಆದರೆ ಮನೆಯೊಳಗೆ ಸ್ವಲ್ಪ ಎಡೆಯೂ ಇರಲಿ. 13 ಮೀಟರ್ ಉದ್ದದ ಉಕ್ಕಿನ ಹಳಿ 30 ಡಿಗ್ರಿ ಬಿಸಿಯೇರಿದರೆ ಸುಮಾರು 4.5 ಮಿ.ಮೀ. ಹಿಗ್ಗುತ್ತದೆ. ಅದಕ್ಕಾಗಿಯೇ ಎರಡು ಹಳಿಗಳ ಸಂಧಿಯಲ್ಲಿ ಎಡೆ ಬಿಡುತ್ತಿದ್ದೆವು. ಎಡೆ ಸಾಲದಿದ್ದರೆ ಬೇಸಗೆಯಲ್ಲಿ ಮಾರ್ಗವೇ ಸೊಟ್ಟಗಾಗುವ ಅಪಾಯ. ಅತಿಯಾದರೆ ಚಕ್ರದ ಹೊಡೆತಕ್ಕೆ ಹಳಿಯ ತುದಿ ಜಖಂ. ಬೆಳಿಗ್ಗೆ ಏಳು ಗಂಟೆಯ ಲೋಕಲ್ ಹಿಡಿಯಬೇಕಾದ ಸೊಸೆಗೂ, ಪರೀಕ್ಷೆಯಿರುವ ಮೊಮ್ಮಗನಿಗೂ ನಮ್ಮದೇ ವೇಳಾಪಟ್ಟಿಯನ್ನು ಹೇರಬಾರದು. ಒಂದು ನಮಸ್ಕಾರ, ಒಂದು ದೇವರನಾಮ, ಊಟದ ಮೊದಲು ಒಂದು ಸ್ಮರಣೆ ಇಷ್ಟಾದರೂ ಉಳಿದರೆ ಮುಂದೆ ಅದೇ ಬೆಳೆದೀತು. ಈ ಎಡೆ ನಮ್ಮ ದೇಹಕ್ಕೂ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುವವರು ನಿರಾಹಾರವಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಆದುದರಿಂದ ನಾನು ವೈದ್ಯರನ್ನೂ ಮಠದ ಪಂಡಿತರನ್ನೂ ಕೇಳಿ ಏಕಾದಶಿಯಂದು ಹಾಲು ಹಣ್ಣು ಸ್ವೀಕರಿಸುತ್ತೇನೆ. ವೃದ್ಧರಿಗೆ, ರೋಗಿಗಳಿಗೆ ಹಿರಿಯರು ತೋರಿದ ದಯೆಯನ್ನು ನಾವು ಹಟದಿಂದ ನಿರಾಕರಿಸಬೇಕಾಗಿಲ್ಲ.

ಕೊನೆಯದಾಗಿ ನಿರೀಕ್ಷೆ. ಈ ವಯಸ್ಸಿನಲ್ಲಿ ದೊಡ್ಡ ಆಸೆಗಳಿಲ್ಲ. ನನ್ನ ಕಾಲಿನಿಂದಲೇ ಮಠದ ಮೆಟ್ಟಿಲು ಹತ್ತುವಂತಿರಬೇಕು. ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಓದುವ ಮೊಮ್ಮಗ ದಾಸರ ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಓದುವಂತಾಗಬೇಕು; ಅದಕ್ಕೆ ಭಾನುವಾರ ಅರ್ಧ ಗಂಟೆ ಇಬ್ಬರೂ ಸ್ಲೇಟು ಹಿಡಿದು ಕೂರುತ್ತೇವೆ. ಅವನೀಗ ಒತ್ತಕ್ಷರಗಳವರೆಗೆ ಬಂದಿದ್ದಾನೆ.

ಮೂರನೆಯದು ಹೊರಡುವ ಸಿದ್ಧತೆ. ರೈಲ್ವೆಯಲ್ಲಿ ಒಂದು ಸೆಕ್ಷನ್ ಬಿಟ್ಟು ಹೋಗುವಾಗ ಸಾಮಾನುಗಳ ಪಟ್ಟಿ, ಬಾಕಿ ಕೆಲಸಗಳ ವಿವರ ಎಲ್ಲವನ್ನೂ ಬರೆದು ಮುಂದಿನವರಿಗೆ ಚಾರ್ಜ್ ಒಪ್ಪಿಸಬೇಕು. ಅದೇ ಪದ್ಧತಿಯಂತೆ ಮನೆಯಲ್ಲಿಯೂ ಒಂದು ಪುಸ್ತಕ ಬರೆದಿಟ್ಟಿದ್ದೇನೆ. ಪಿಂಚಣಿ, ಬ್ಯಾಂಕು, ನಾಮಿನಿ ವಿವರಗಳು ಒಂದು ಕಡೆ. ಗೋತ್ರ, ಹಿರಿಯರ ಹೆಸರುಗಳು, ಶ್ರಾದ್ಧದ ತಿಥಿಗಳು, ಹಬ್ಬದ ನೈವೇದ್ಯದ ಕ್ರಮ ಇನ್ನೊಂದು ಕಡೆ. ಆಕೆ ಮಾಡುತ್ತಿದ್ದ ಹಯಗ್ರೀವದ ಅಳತೆಯನ್ನು ಮಗಳನ್ನು ಕೇಳಿ ಬರೆದುಕೊಂಡೆ. ತಾವೂ ಇಂತಹ ಪುಸ್ತಕವೊಂದನ್ನು ಇಂದೇ ಆರಂಭಿಸಬೇಕೆಂದು ಸವಿನಯವಾಗಿ ವಿನಂತಿಸುತ್ತೇನೆ. ಪರಸ್ಥಳದಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೆ ಇವನ್ನು ಹೇಳಲು ನಾವಲ್ಲದೆ ಪಕ್ಕದ ಮನೆಯವರಿಲ್ಲ.

ಆಡಿದ ಮಾತುಗಳನ್ನು ಹರಿವಾಯುಗುರುಗಳ ಚರಣಗಳಲ್ಲಿ ಅರ್ಪಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.