ಪಿ.ಟಿ. ಪೀರಿಯಡ್ ಉಳಿಯಲಿ



ಹೊಟ್ಟೆನೋವಿನ ನೆಪ ಹೇಳಿ ಪಿ.ಟಿ. ಪೀರಿಯಡ್ ತಪ್ಪಿಸುತ್ತಿದ್ದ ಹುಡುಗ ನಾನು. ಹೋದ ವರ್ಷ ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಬೆಂಕಿ ಅವಘಡದ ಅಣಕು ಪ್ರದರ್ಶನ ನಡೆಯಿತು. ಲಿಫ್ಟ್ ನಿಲ್ಲಿಸಿದ್ದರು. ಇಳಿದದ್ದೇನೋ ಇಳಿದೆ, ಬರಿಗೈಯಲ್ಲಿ ಒಂಬತ್ತು ಮಹಡಿ ವಾಪಸ್ ಹತ್ತುವಾಗ ನಾಲ್ಕನೆಯದರಲ್ಲೇ ಏದುಸಿರು ಬಿಡುತ್ತಾ ಕೂತುಬಿಟ್ಟೆ. ಹೊಗೆಯಲ್ಲಿ ಹೊರೆ ಹೊತ್ತು ಹತ್ತುವವರು ಹೇಗೆ ತಯಾರಾಗುತ್ತಾರೆ ಎಂದು ಅಂದಿನಿಂದ ಓದತೊಡಗಿದೆ.

ಅಮೆರಿಕದ ಹಲವು ಊರುಗಳಲ್ಲಿ ಅಗ್ನಿಶಾಮಕ ದಳ ಸೇರಲು ‘ಸಿಪ್ಯಾಟ್’ ಎಂಬ ಪರೀಕ್ಷೆಯಿದೆ. ಸುಮಾರು 23 ಕೆ.ಜಿ. ತೂಕದ ಜಾಕೆಟ್ ತೊಟ್ಟು 10 ನಿಮಿಷ 20 ಸೆಕೆಂಡಿನಲ್ಲಿ ಎಂಟು ಕೆಲಸ ಮುಗಿಸಬೇಕು: ಮೆಟ್ಟಿಲು ಹತ್ತುವುದು, ನೀರಿನ ಪೈಪ್ ಎಳೆಯುವುದು, ಏಣಿ ನಿಲ್ಲಿಸುವುದು, ಸುಮಾರು 75 ಕೆ.ಜಿ.ಯ ಬೊಂಬೆಯನ್ನು ಎಳೆದು ತರುವುದು, ಹೀಗೆ. ತೋಳು ಉಬ್ಬಿದರೆ ಸಾಲದು, ದಮ್ಮು ಬೇಕು. ಕೆಲಸ ಸಿಕ್ಕಿತೆಂದು ವ್ಯಾಯಾಮ ಬಿಡುವಂತೆಯೂ ಇಲ್ಲ. ಅಲ್ಲಿ ಕರ್ತವ್ಯದಲ್ಲಿ ಸಾಯುವ ಅಗ್ನಿಶಾಮಕರಲ್ಲಿ ಬೆಂಕಿಗಿಂತ ಹೃದಯ ಕೈಕೊಟ್ಟು ಹೋಗುವವರೇ ಹೆಚ್ಚು.

ನಾಳೆ ನಮ್ಮೂರ ಮಕ್ಕಳೂ ಈ ಕೆಲಸಕ್ಕೆ ಹೋಗಬಹುದು. ಪರೀಕ್ಷೆ ಹತ್ತಿರ ಬಂತೆಂದು ಅವರ ಪಿ.ಟಿ. ಪೀರಿಯಡನ್ನು ಗಣಿತಕ್ಕೆ ಕೊಡಬೇಡಿ. ಗಣಿತದಿಂದಲೇ ಅನ್ನ ತಿನ್ನುತ್ತಿರುವ ನಾನೇ ಕೇಳಿಕೊಳ್ಳುತ್ತಿದ್ದೇನೆ.